ನೆಟ್ ಹೋಯ್ತಾ? ಮಗನ್ನ ಬೈಯೋ ಮುಂಚೆ...

ರಾತ್ರಿ ಎಂಟೂವರೆ. ಒಲೆ ಮೇಲೆ ಸಾರು ಕುದೀತಾ ಇದೆ. ರೂಮಿನಿಂದ ಒಂದು ಕೂಗು: “ಅಮ್ಮಾ... ನೆಟ್ ಹೋಯ್ತು!” ಹಾಲ್‌ನಿಂದ ಪತಿರಾಯರ ಗೊಣಗಾಟ: “ಮೀಟಿಂಗ್ ಮಧ್ಯೆ ಕಟ್ಟಾಯ್ತು, ಯಾರು ಏನ್ ಮಾಡಿದ್ರಿ?” ಅತ್ತೆಯವರ ಧಾರಾವಾಹಿ ಅರ್ಧಕ್ಕೇ ನಿಂತು ಪರದೆ ಮೇಲೆ ಬರೀ ಚಕ್ರ ಸುತ್ತುತ್ತಿದೆ. ಎಲ್ಲರೂ ನೋಡೋದು ನಿಮ್ಮ ಕಡೆಗೇ! ಸೌಟು ಕೆಳಗಿಟ್ಟು ಹೋಗಿ ಆ ವೈಫೈ ಡಬ್ಬದ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡ್ತೀರಿ. ಹತ್ತು ನಿಮಿಷ ಎಲ್ಲವೂ ಸರಿ. ಆಮೇಲೆ ಮತ್ತದೇ ರಾಗ.

ನಿಮ್ಮ ಮನೆಯಲ್ಲೂ ಹೀಗೇನಾ? ಹಾಗಾದ್ರೆ ಮೊದಲು ನಮ್ಮನೆ ಕಥೆ ಕೇಳಿ.

ಕುವೆಂಪುನಗರದಲ್ಲಿ 30-40 ಸೈಟಿನ ಮನೆ ನಮ್ಮದು. ಮಗ ಪಿಯುಸಿ ಮುಗಿಸಿ ರಜೆಯಲ್ಲಿದ್ದ. ಸಂಜೆಯಾಯ್ತು ಅಂದ್ರೆ ಸ್ನೇಹಿತರ ಜೊತೆ ಸೇರಿ ಮೊಬೈಲ್‌ನಲ್ಲಿ ಬಿಜಿಎಂಐ ಆಡೋದು. ನಾನು ಶನಿವಾರ, ಭಾನುವಾರ ಸಂಜೆ ಏಳಕ್ಕೆ ನ್ಯೂಜೆರ್ಸಿಯ ಒಂದು ಕನ್ನಡ ಕುಟುಂಬದ ಹುಡುಗಿಗೆ ಸಂಗೀತ ಪಾಠ ಹೇಳಿಕೊಡ್ತೀನಿ. ಅವರಿಗೆ ಅದು ಬೆಳಗಿನ ಹೊತ್ತು. ಕಳೆದ ಬೇಸಿಗೆಯಲ್ಲಿ ಪಾಠ ಪದೇ ಪದೇ ಕಟ್ಟಾಗೋಕೆ ಶುರುವಾಯ್ತು. ನಾನು ಜಂಟಿ ವರಸೆ ಹೇಳ್ತಾ ಇದ್ರೆ ಆ ಕಡೆ ಮಗುವಿನ ಮುಖ ಫೋಟೋ ಥರ ನಿಂತುಬಿಡೋದು. ಮೂರನೇ ವಾರ ಆ ಹುಡುಗಿಯ ತಾಯಿ ತುಂಬಾ ನಯವಾಗಿ, “ಮೇಡಂ, ನಿಮ್ಮ ಕಡೆ ನೆಟ್ ಸ್ವಲ್ಪ...” ಅಂತ ರಾಗ ಎಳೆದರು. ಎದೆ ಧಸಕ್ಕೆಂದಿತು. ನನ್ನದು ಅಂತ ಇರೋದು ಆ ಪಾಠದ ಸಂಪಾದನೆ ಒಂದೇ. ಅದೂ ಕೈತಪ್ಪಿದರೆ?

ಸಿಟ್ಟು ತಿರುಗಿದ್ದು ಮಗನ ಮೇಲೆ. “ನಿನ್ನ ಹಾಳು ಗೇಮೇ ನೆಟ್ಟನ್ನೆಲ್ಲ ತಿಂದು ಹಾಕ್ತಿರೋದು!” ಅಂತ ರೇಗಿ, ಅವನ ಮೊಬೈಲ್ ಕಿತ್ಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಭಾನುವಾರ ಧೈರ್ಯವಾಗಿ ಪಾಠಕ್ಕೆ ಕೂತೆ. ಇಪ್ಪತ್ತು ನಿಮಿಷದಲ್ಲಿ ಮತ್ತೆ ಕಟ್! ಮಗ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದ. “ಈಗ ಯಾರು ತಿಂದ್ರು ಅಮ್ಮಾ?”

ನಾಚಿಕೆಯಾಯ್ತು. ಅವತ್ತೇ ಇದರ ಬೆನ್ನು ಹತ್ತಿದೆ. ಹದಿನೈದು ದಿನ ಅಮ್ಮ-ಮಗ ಇಬ್ಬರೂ ಸೇರಿ ಹುಡುಕಿ ಕಲಿತದ್ದನ್ನೇ ಇಲ್ಲಿ ಹೇಳ್ತಾ ಇದ್ದೀನಿ.

ಗೇಮ್ ತಿನ್ನೋದು ಎಷ್ಟು ಗೊತ್ತಾ?

ನಂಬ್ತೀರೋ ಇಲ್ವೋ, ಮೊಬೈಲ್‌ನಲ್ಲಿ ಒಂದು ಗಂಟೆ ಇಂಥ ಗೇಮ್ ಆಡಿದರೆ ಸಾಮಾನ್ಯವಾಗಿ 100 ಎಂಬಿ ಕೂಡ ಖರ್ಚಾಗೋದಿಲ್ಲ. ಅದೇ ಒಂದು ಗಂಟೆ ಟಿವಿಯಲ್ಲಿ ಸ್ಪಷ್ಟ ಚಿತ್ರದ ಸಿನಿಮಾ ನೋಡಿದರೆ ಎರಡು-ಮೂರು ಜಿಬಿ! ಅಂದ್ರೆ ಇಪ್ಪತ್ತು-ಮೂವತ್ತು ಪಟ್ಟು. ಗೇಮ್ ಕಳಿಸೋದು ಚಿತ್ರವನ್ನಲ್ಲ. ‘ನಾನು ಎಡಕ್ಕೆ ತಿರುಗಿದೆ, ಗುಂಡು ಹಾರಿಸಿದೆ’ ಅನ್ನುವ ಪುಟ್ಟ ಪುಟ್ಟ ಚೀಟಿಗಳನ್ನು ಮಾತ್ರ. ಚಿತ್ರವೆಲ್ಲ ಮೊದಲೇ ಮೊಬೈಲ್‌ನಲ್ಲಿ ಇರುತ್ತೆ. (ಹೊಸ ಗೇಮ್ ಇಳಿಸಿಕೊಳ್ಳುವಾಗ, ಅಪ್‌ಡೇಟ್ ಬಂದಾಗ ಮಾತ್ರ ಜಿಬಿಗಟ್ಟಲೆ ಎಳೆಯುತ್ತೆ. ಅದನ್ನು ರಾತ್ರಿ ಮಲಗೋ ಹೊತ್ತಿಗೆ ಹಾಕು ಅಂತ ಹೇಳಿ, ಸಾಕು.)

ಆದರೆ ಆ ಚೀಟಿಗಳು ಹೊತ್ತಿಗೆ ಸರಿಯಾಗಿ ತಲುಪಬೇಕು. ಹುಡುಗರು ‘ಲ್ಯಾಗ್, ಲ್ಯಾಗ್’ ಅಂತ ಕಿರುಚೋದು ಅದಕ್ಕೇ. ಇದು ಸ್ಪೀಡಿನ ಮಾತಲ್ಲ. ನಮ್ಮ ಕಡೆ ಬಹಳ ಮನೆಗಳ ತಾರಸಿ ಮೇಲೆ ಸೋಲಾರ್ ಇದೆ ಅಲ್ವಾ? ಬಚ್ಚಲಲ್ಲಿ ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರುತ್ತಾ? ಇಲ್ಲ. ಪೈಪಿನಲ್ಲಿ ನಿಂತಿದ್ದ ತಣ್ಣೀರೆಲ್ಲ ಹೋದ ಮೇಲೇ. ಬಕೆಟ್ ಎಷ್ಟು ಬೇಗ ತುಂಬುತ್ತೆ ಅನ್ನೋದು ಸ್ಪೀಡು. ನಲ್ಲಿ ತಿರುಗಿಸಿದ ಮೇಲೆ ಬಿಸಿನೀರಿಗೆ ಎಷ್ಟು ಹೊತ್ತು ಕಾಯಬೇಕು ಅನ್ನೋದು ಪಿಂಗ್. ನಲ್ಲಿ ದಪ್ಪ ಮಾಡಿಸಿದರೆ ಬಕೆಟ್ ಬೇಗ ತುಂಬಬಹುದು, ಕಾಯೋದಂತೂ ತಪ್ಪಲ್ಲ.

ಪಿಂಗ್ ಅಳೆಯೋದು ಮಿಲಿಸೆಕೆಂಡಿನಲ್ಲಿ. ಸಾವಿರ ಮಿಲಿಸೆಕೆಂಡ್ ಸೇರಿದರೆ ಒಂದು ಸೆಕೆಂಡ್. ಗೇಮ್ ಪರದೆಯ ಮೂಲೆಯಲ್ಲೇ ಆ ಅಂಕಿ ಇರುತ್ತೆ. 50ರ ಒಳಗಿದ್ದರೆ ಹುಡುಗರು ಖುಷಿ. ನೂರು ದಾಟಿತೋ, ಗುಂಡು ಹಾರಿಸುವಷ್ಟರಲ್ಲಿ ಅವನೇ ಸತ್ತಿರ್ತಾನೆ... ಆಟದಲ್ಲಿ ಮಾರಾಯ್ರೇ!

ಇದು ನನಗೆ ಥಟ್ಟನೆ ಅರ್ಥವಾದದ್ದು ತಾಳದಿಂದ. ಆನ್‌ಲೈನ್‌ನಲ್ಲಿ ಪಾಠ ಹೇಳುವವರಿಗೆಲ್ಲ ಗೊತ್ತು, ಗುರು-ಶಿಷ್ಯೆ ಒಟ್ಟಿಗೆ ತಾಳ ಹಾಕೋಕೆ ಆಗೋದೇ ಇಲ್ಲ. ಫೈಬರ್ ದಾರದೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತೆ. ನ್ಯೂಜೆರ್ಸಿ ಇಲ್ಲಿಂದ ಹದಿಮೂರು ಸಾವಿರ ಕಿಲೋಮೀಟರಿಗೂ ದೂರ. ಹೋಗಿ ಬರೋಕೆ ಬೆಳಕಿಗೇ 130 ಮಿಲಿಸೆಕೆಂಡ್ ಬೇಕು. ಯಾವ ಕಂಪನಿಗೆ ಎಷ್ಟು ದುಡ್ಡು ಕಟ್ಟಿದರೂ ಇದು ಕಡಿಮೆಯಾಗಲ್ಲ. ಮೂರು ಸಾವಿರ ಕಿಲೋಮೀಟರಿಗೂ ಆಚೆಯ ಸಿಂಗಪುರದ ಸರ್ವರ್‌ನಲ್ಲಿ ಆಡಿದರೂ ಅಷ್ಟೆ, 30 ಮಿಲಿಸೆಕೆಂಡಂತೂ ಹೋಗೇ ಹೋಗುತ್ತೆ. ಆದ್ದರಿಂದ ಗೇಮ್‌ನಲ್ಲಿ ಭಾರತದ ಸರ್ವರ್ ಆರಿಸಿಕೊಳ್ಳಲು ಅವಕಾಶವಿದ್ದರೆ ಅದನ್ನೇ ಆರಿಸಿಕೊಳ್ಳಲಿ.

ಪಿಂಗ್ ಒಂದೇ ಸಮನಾಗಿ 60 ಇದ್ದರೆ ಆಟಗಾರ ಹೊಂದಿಕೊಳ್ತಾನೆ. ಅದು 40, 300, 55, 700 ಅಂತ ಕುಣಿದರೆ? ಹಾಡುಗಾರ್ತಿ ವಿಳಂಬದಲ್ಲಿ ಹಾಡಿದರೆ ಮೃದಂಗದವರು ನುಡಿಸಬಹುದು, ಲಯವೇ ತಪ್ಪಿದರೆ ಏನು ಮಾಡೋದು! ನನ್ನ ಪಾಠದಲ್ಲೂ, ಅವನ ಗೇಮ್‌ನಲ್ಲೂ ಆಗ್ತಿದ್ದದ್ದು ಅದೇ. ಕಾಯಿಲೆ ಒಂದೇ. ನಾನೋ, ಜೊತೆಯಲ್ಲಿ ನರಳ್ತಿದ್ದ ಇನ್ನೊಬ್ಬ ರೋಗಿಯನ್ನೇ ಬೈತಾ ಇದ್ದೆ.

ದೊಡ್ಡ ಪ್ಲಾನ್‌ಗೆ ದುಡ್ಡು ಸುರಿಯಬೇಡಿ

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಮೊದಲು ಬರೋ ಸಲಹೆ, “ಮೇಡಂ, ದೊಡ್ಡ ಪ್ಲಾನ್‌ಗೆ ಹೋಗಿ.” ನಾನೂ ತಿಂಗಳಿಗೆ ನಾನೂರು ರೂಪಾಯಿ ಹೆಚ್ಚು ಕೊಟ್ಟು ಮೂರು ತಿಂಗಳು ಹಾಗೇ ಮಾಡಿದೆ. ಪ್ರಯೋಜನ ಸೊನ್ನೆ! 2005ರಲ್ಲಿ ಬಿಎಸ್‌ಎನ್‌ಎಲ್‌ನ ಡಾಟಾ ಒನ್ ಬಂದಾಗ 256 ಕೆಬಿಪಿಎಸ್ ಅಂದ್ರೇನೇ ದೊಡ್ಡ ವೇಗ. ಈಗ 100 ಎಂಬಿಪಿಎಸ್ ಅಂದ್ರೆ ಅದರ ಸುಮಾರು ನಾನೂರು ಪಟ್ಟು. ನಾಲ್ಕೈದು ಜನರ ಮನೆಗೆ ಇದು ಧಾರಾಳ. ಕೊರತೆ ಇರೋದು ಬೇರೆ ಕಡೆ.

ಎಲ್ಲಿ ಅಂತ ಪತ್ತೆ ಹಚ್ಚೋದು ಸುಲಭ. ಮೂರು ಜಾಗ ಮಾತ್ರ ಇವೆ: ಬೀದಿಯಿಂದ ಬರುವ ಲೈನು, ಮನೆಯೊಳಗಿನ ಡಬ್ಬ, ಡಬ್ಬದಿಂದ ಮೊಬೈಲ್‌ವರೆಗಿನ ಗಾಳಿ.

ಮೊದಲು ಡಬ್ಬದ ದೀಪ ನೋಡಿ. ಎಲ್ಒಎಸ್ ಅಂತ ಬರೆದಿರೋ ಪುಟ್ಟ ದೀಪ ಕೆಂಪಗೆ ಮಿನುಗ್ತಾ ಇದ್ದರೆ ಫೈಬರ್‌ನಲ್ಲಿ ಬೆಳಕೇ ಬರ್ತಿಲ್ಲ ಅಂತ ಅರ್ಥ. ದಾರ ಎಲ್ಲೋ ತುಂಡಾಗಿದೆ, ಇಲ್ಲಾ ಮಡಚಿಕೊಂಡಿದೆ. ನೀವು ಸ್ವಿಚ್ ಎಷ್ಟು ಸಲ ಆಫ್ ಆನ್ ಮಾಡಿದರೂ ಅಷ್ಟೆ, ಕಂಪನಿಗೇ ಹೇಳಬೇಕು. ಅದಕ್ಕೂ ಮುಂಚೆ ಸೋಫಾ ಹಿಂದೆ ಒಮ್ಮೆ ಇಣುಕಿ. ಆ ಹಳದಿ ಅಥವಾ ಬಿಳಿ ಸಣ್ಣ ದಾರದೊಳಗೆ ಇರೋದು ಗಾಜಿನ ಎಳೆ. ಗುಡಿಸುವಾಗ, ಸೋಫಾ ಸರಿಸುವಾಗ ಮಡಚಿಕೊಂಡರೆ ಬೆಳಕು ಸೋರಿಹೋಗುತ್ತೆ. ಉದ್ದ ಜಾಸ್ತಿ ಅಂತ ಬೆರಳಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕೋದಂತೂ ಬೇಡವೇ ಬೇಡ; ದೋಸೆ ಕಾವಲಿಯಷ್ಟು ಅಗಲದ ಸುರುಳಿ ಮಾಡಿಡಿ.

ದೀಪ ಸರಿಯಾಗಿದೆ, ಆದರೂ ಗೇಮ್ ತಡವರಿಸ್ತಿದೆಯಾ? ಹಾಗಾದ್ರೆ ಲ್ಯಾಪ್‌ಟಾಪ್ ತಂದು, ಒಂದು ಲ್ಯಾನ್ ಕೇಬಲ್‌ನಿಂದ ನೇರ ಡಬ್ಬಕ್ಕೆ ಸಿಕ್ಕಿಸಿ. (ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ತೂತೇ ಇರಲ್ಲ, ಅದಕ್ಕೊಂದು ಅಡಾಪ್ಟರ್ ಸಿಗುತ್ತೆ.) ಅರ್ಧ ಗಂಟೆ ಅದರಲ್ಲೇ ಆಡಲಿ ಅಥವಾ ವಿಡಿಯೊ ಕಾಲ್ ಮಾಡಲಿ. ತಂತಿಯಲ್ಲಿ ಚೆನ್ನಾಗಿದ್ದು ವೈಫೈನಲ್ಲಿ ಮಾತ್ರ ತೊಂದರೆ ಅಂದ್ರೆ ತಪ್ಪು ಮನೆಯೊಳಗಿನ ಗಾಳಿಯದ್ದು. ತಂತಿಯಲ್ಲೂ ತೊಂದರೆ ಅಂದ್ರೆ ಡಬ್ಬದ್ದೋ, ಕಂಪನಿಯದ್ದೋ.

ಕಂಪ್ಯೂಟರ್ ತಿಳಿದ ಮಕ್ಕಳಿದ್ದರೆ ಇನ್ನೂ ಒಂದು ಪರೀಕ್ಷೆ ಮಾಡಿಸಿ. ವೈಫೈನಲ್ಲಿದ್ದುಕೊಂಡೇ ಕಮಾಂಡ್ ಪ್ರಾಂಪ್ಟ್ ತೆಗೆದು ‘ಪಿಂಗ್’ ಅಂತ ಹೊಡೆದು, ಪಕ್ಕದಲ್ಲಿ ಡಬ್ಬದ ವಿಳಾಸ ಹಾಕೋದು. ಹೆಚ್ಚಾಗಿ ಅದು 192.168.1.1 ಅಂತ ಇರುತ್ತೆ, ಡಬ್ಬದ ಅಡಿಯ ಚೀಟಿಯಲ್ಲಿ ಬರೆದಿರ್ತಾರೆ. ಮನೆಯೊಳಗೇ ಹೋಗಿ ಬರೋದಲ್ವಾ, ಎರಡು-ಮೂರು ಮಿಲಿಸೆಕೆಂಡ್ ಬರಬೇಕು. ಅಲ್ಲೇ 200, 400 ಅಂತ ಹಾರಿದರೆ ಬೀದಿಯ ಲೈನನ್ನು ದೂರೋದು ನ್ಯಾಯವಲ್ಲ. ನಮ್ಮನೆಯಲ್ಲಿ 380 ಬಂತು! ಹಾಲ್‌ನಿಂದ ರೂಮಿಗೆ ಮೂವತ್ತು ಅಡಿ ದಾಟೋಕೆ ಅಷ್ಟು ಹೊತ್ತು.

ಡಬ್ಬಕ್ಕೆ ಸೀರೆ ಉಡಿಸಿದ್ದೆ!

ಕಾರಣ? ಹೇಳೋಕೆ ನಗು ಬರುತ್ತೆ. ಫೈಬರ್ ಹಾಕಲು ಬಂದ ಹುಡುಗ ಬಾಗಿಲ ಪಕ್ಕ ತೂತು ಕೊರೆದು, ಡಬ್ಬವನ್ನು ಟಿವಿ ಶೋಕೇಸಿನ ಕೆಳಗಿನ ಖಾನೆಯಲ್ಲಿಟ್ಟು ಹೋಗಿದ್ದ. ದೀಪಗಳು ಮಿಣುಕೋದು ಚೆನ್ನಾಗಿ ಕಾಣಲ್ಲ ಅಂತ ನಾನು ಅದಕ್ಕೊಂದು ಕ್ರೋಷಾ ಹೊದಿಕೆ ಹೆಣೆದು ಹೊದಿಸಿದ್ದೆ. ಮುಂದೆ ಹಿತ್ತಾಳೆ ಆನೆ, ಸ್ಟೀಲ್ ಫ್ರೇಮಿನ ಫೋಟೋ. ಶೋಕೇಸಿನ ಆಚೆ ಗೋಡೆ, ಗೋಡೆಯಾಚೆ ಮಗನ ರೂಮಿನ ಕಬ್ಬಿಣದ ಬೀರು!

ಲೋಹ ವೈಫೈ ಅಲೆಗಳನ್ನು ಹಿಂದಕ್ಕೆ ತಳ್ಳುತ್ತೆ. ನೀರು ಹೀರಿಕೊಳ್ಳುತ್ತೆ. ಆದ್ದರಿಂದ ಫ್ರಿಜ್ ಹಿಂದೆ, ಪಾತ್ರೆ ಸ್ಟ್ಯಾಂಡ್ ಪಕ್ಕ, ಮೀನಿನ ತೊಟ್ಟಿ ಹತ್ತಿರ, ದೊಡ್ಡ ಕನ್ನಡಿಯ ಹಿಂದೆ ಡಬ್ಬ ಇಡಬೇಡಿ. ಮುಚ್ಚಲೂ ಬೇಡಿ. ಅದಕ್ಕೆ ಗಾಳಿ ಬೇಕು, ಬಿಸಿಯೇರಿದರೆ ತಾನಾಗಿ ಆಫ್ ಆಗಿ ಆನ್ ಆಗುತ್ತೆ. ಏಪ್ರಿಲ್‌ನ ಮಧ್ಯಾಹ್ನಗಳಲ್ಲೇ ನೆಟ್ ಹೆಚ್ಚು ಹೋಗ್ತಿದ್ದರೆ ಡಬ್ಬದ ಮೇಲೆ ಕೈಯಿಟ್ಟು ನೋಡಿ. ನೆಲದಿಂದ ನಾಲ್ಕೈದು ಅಡಿ ಎತ್ತರ, ಮನೆಯ ನಡುಭಾಗ, ಸುತ್ತ ಬಯಲು ಇದ್ದರೆ ಅದೇ ಸರಿಯಾದ ಜಾಗ.

ಕೃಷ್ಣಮೂರ್ತಿಪುರಂ, ಚಾಮುಂಡಿಪುರಂ, ಅಗ್ರಹಾರದ ಕಡೆ ಹಳೇ ಮನೆಗಳಲ್ಲಿರುವವರಿಗೆ ಇನ್ನೊಂದು ಮಾತು. ಒಂದೂವರೆ ಅಡಿ ದಪ್ಪದ ಗೋಡೆಗಳು ಬೇಸಿಗೆಯಲ್ಲಿ ತಂಪೇನೋ ಹೌದು, ವೈಫೈಗೆ ಮಾತ್ರ ಶತ್ರು. ನನ್ನ ನಾದಿನಿಯ ಮನೆಯಲ್ಲಿ ಪಡಸಾಲೆಯ ಡಬ್ಬ ಅಡುಗೆಮನೆಗೆ ತಲುಪೋದೇ ಇಲ್ಲ. ಅವಳು ಅಂಗಡಿಯಿಂದ ಒಂದು ರಿಪೀಟರ್ ತಂದು ಪ್ಲಗ್‌ಗೆ ಸಿಕ್ಕಿಸಿದಳು. ಮೊಬೈಲ್‌ನಲ್ಲಿ ಗೆರೆಗಳು ತುಂಬಿಬಂದವು, ಗೇಮ್ ಇನ್ನೂ ಕೆಟ್ಟಿತು! ಯಾಕಂದ್ರೆ ಅಗ್ಗದ ರಿಪೀಟರ್ ಒಂದೇ ಬಾಯಲ್ಲಿ ಕೇಳಿಸಿಕೊಂಡು ಅದೇ ಬಾಯಲ್ಲಿ ಹೇಳಬೇಕು. ವೇಗ ಅರ್ಧವಾಗುತ್ತೆ, ಕಾಯೋದು ಹೆಚ್ಚುತ್ತೆ. ಅಂಥ ಮನೆಗೆ ಒಂದು ಲ್ಯಾನ್ ಕೇಬಲನ್ನು ಬಾಗಿಲ ಚೌಕಟ್ಟಿನ ಮೇಲಿಂದ ಎಳೆದು, ಒಳಗೆ ಎರಡನೇ ಡಬ್ಬ ಇಡೋದೇ ಲೇಸು. ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಮಾಡಿಕೊಡ್ತಾರೆ. ಗೇಮ್ ಆಡೋದು ಕಂಪ್ಯೂಟರ್‌ನಲ್ಲಾದರೆ ಆ ಕೇಬಲ್ಲನ್ನು ನೇರ ಅದಕ್ಕೇ ಕೊಡಿಸಿ. ತಂತಿಗೆ ಸಮ ಯಾವುದೂ ಇಲ್ಲ.

ಎರಡು ಹೆಸರು ಯಾಕೆ?

ವೈಫೈ ಪಟ್ಟಿ ತೆಗೆದರೆ ನಿಮ್ಮದೇ ಹೆಸರು ಎರಡು ಸಲ ಕಾಣುತ್ತಾ, ಒಂದರ ಮುಂದೆ ‘5ಜಿ’ ಅಂತ? ಇದು ಮೊಬೈಲ್ ಕಂಪನಿಗಳ 5ಜಿ ಅಲ್ಲ, ದಯವಿಟ್ಟು ಗೊಂದಲ ಬೇಡ. ಅದು 5 ಗಿಗಾಹರ್ಟ್ಸ್ ಅಲೆ, ಇನ್ನೊಂದು 2.4 ಗಿಗಾಹರ್ಟ್ಸ್ ಅಲೆ. 2.4 ಗೋಡೆ ದಾಟಿ ದೂರ ಹೋಗುತ್ತೆ, ಆದರೆ ಅಲ್ಲಿ ಜಾತ್ರೆ! ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್ ಇಯರ್‌ಫೋನ್ ಎಲ್ಲಾ ಅದರಲ್ಲೇ. ನಿಮ್ಮ ಮೈಕ್ರೋವೇವ್ ಓವನ್ ಕೂಡ ಅದೇ ಅಲೆಯಲ್ಲಿ ಕೆಲಸ ಮಾಡೋದು. ನೀವು ಹಾಲು ಬಿಸಿಗಿಟ್ಟಾಗಲೇ ಮಗ “ಅಯ್ಯೋ” ಅಂದರೆ ಅದು ನಾಟಕವಲ್ಲ. 5 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಕಡಿಮೆ, ಆದರೆ ಒಂದೆರಡು ಗೋಡೆಗೇ ಸುಸ್ತಾಗುತ್ತೆ.

ಆದ್ದರಿಂದ ಗೇಮ್, ವಿಡಿಯೊ ಕಾಲ್, ಟಿವಿ ಡಬ್ಬದ ಹತ್ತಿರವಿದ್ದರೆ 5ಕ್ಕೆ ಹಾಕಿ. ಗೇಟಿನ ಕ್ಯಾಮೆರಾ, ಮಹಡಿ ಮೇಲಿನ ಮೊಬೈಲ್ 2.4ರಲ್ಲಿರಲಿ. ಎರಡಕ್ಕೂ ಒಂದೇ ಹೆಸರು ಇಟ್ಟಿದ್ದರೆ ಮೊಬೈಲ್ ಆಟದ ಮಧ್ಯೆಯೇ ಇದರಿಂದ ಅದಕ್ಕೆ ಜಿಗಿಯುತ್ತೆ. ‘ಐದು ಸೆಕೆಂಡ್ ಹೋಗಿ ಬಂತು’ ಅನ್ನೋ ದೂರಿಗೆ ಎಷ್ಟೋ ಸಲ ಇದೇ ಕಾರಣ. ಹೆಸರು ಬೇರೆ ಮಾಡಿಸಿಕೊಳ್ಳಿ. ನಮ್ಮ ಬೀದಿಯಲ್ಲಿ ಪಟ್ಟಿ ತೆಗೆದರೆ ಹದಿನಾಲ್ಕು ವೈಫೈ ಕಾಣುತ್ತೆ. ಇಂಥ ಕಡೆ 2.4ರಲ್ಲಿ 1, 6, 11 ಈ ಮೂರರಲ್ಲಿ ಒಂದು ಚಾನೆಲ್ ಇಡಿಸಬೇಕು, ಇವು ಮಾತ್ರ ಒಂದರ ಮೇಲೊಂದು ಬೀಳೋದಿಲ್ಲ. ಇದನ್ನೆಲ್ಲ ನೀವೇ ಕಲಿಯಬೇಕಿಲ್ಲ, ಲೈನ್ ಹುಡುಗ ಬಂದಾಗ ನಿಂತು ಮಾಡಿಸಿಕೊಳ್ಳಿ. ಒಂದು ಎಚ್ಚರಿಕೆ: ಡಬ್ಬದ ಹಿಂದೆ ಪಿನ್ನು ಚುಚ್ಚುವ ಪುಟ್ಟ ತೂತಿದೆಯಲ್ಲ, ಅದನ್ನು ಒತ್ತಲೇಬೇಡಿ! ಒಳಗಿನ ಸೆಟ್ಟಿಂಗ್ ಎಲ್ಲಾ ಅಳಿಸಿಹೋಗುತ್ತೆ. ಆಫ್ ಮಾಡೋದಿದ್ದರೆ ಸ್ವಿಚ್ ಸಾಕು, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ.

ನಿಜವಾದ ಕಳ್ಳಿ ನಾನೇ

ಡಬ್ಬವನ್ನು ಊಟದ ಮೇಜಿನ ಮೇಲ್ಗಡೆ ಗೋಡೆಗೆ ಏರಿಸಿದೆವು. ಮನೆಯೊಳಗಿನ 380 ಇಳಿದು 4ಕ್ಕೆ ಬಂತು. ಆದರೂ ಶನಿವಾರದ ಪಾಠ ಮತ್ತೆ ತಡವರಿಸಿತು! ಈ ಸಲ ಮಗನೇ ಡಬ್ಬದ ಪಟ್ಟಿ ತೆಗೆದು ನೋಡಿದ. ಎಲ್ಲರಿಗಿಂತ ಹೆಚ್ಚು ನೆಟ್ ಎಳೀತಿದ್ದದ್ದು... ನನ್ನ ಮೊಬೈಲ್! ತಂಗಿ ಮಗಳ ಮದುವೆಯ ಎಂಟುನೂರು ಫೋಟೋ, ವಿಡಿಯೊ ತಾವಾಗಿ ಗೂಗಲ್ ಫೋಟೋಸ್‌ಗೆ ಏರುತ್ತಾ ಕೂತಿದ್ದವು.

ಇದು ಬಹಳ ಮನೆಗಳ ಗುಟ್ಟು. ನಾವು ಕೆಳಗಿಳಿಸೋ ವೇಗವನ್ನೇ ಕೇಳ್ತೀವಿ, ಮೇಲೆ ಕಳಿಸೋ ದಾರಿಯನ್ನು ಮರೀತೀವಿ. ಆ ದಾರಿ ತುಂಬಿದರೆ ಡಬ್ಬದ ಮುಂದೆ ಸಾಲು ನಿಲ್ಲುತ್ತೆ. ಗೇಮ್‌ನ ಪುಟ್ಟ ಚೀಟಿ, ನನ್ನ ಸರಿಗಮ ಎರಡೂ ಮದುವೆ ವಿಡಿಯೊ ಹಿಂದೆ ನಿಂತು ಕಾಯಬೇಕು. ದಸರಾ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಸ್ಕೂಟಿ ತಗೊಂಡು ಹೋದ ಹಾಗೆ! ಫೋಟೋ ಬ್ಯಾಕಪ್ ಬೇಕು, ಆದರೆ ಸಂಜೆ ಬೇಡ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ನಿಲ್ಲಿಸಿ, ಮಲಗುವಾಗ ಆನ್ ಮಾಡಿ. ಕ್ಲೌಡ್‌ಗೆ ಕಳಿಸುವ ಸಿಸಿಟಿವಿ ಇದ್ದರೆ ಯಾರಾದರೂ ಓಡಾಡಿದಾಗ ಮಾತ್ರ ಕಳಿಸುವ ಹಾಗೆ ಮಾಡಿಸಿ. ಕೆಲವು ಡಬ್ಬಗಳಲ್ಲಿ ಕ್ಯುಒಎಸ್ ಅಂತ ಒಂದು ಸೌಲಭ್ಯ ಇರುತ್ತೆ. ಯಾವ ಸಾಧನಕ್ಕೆ ಮೊದಲ ದಾರಿ ಅಂತ ಹೇಳಿಡಬಹುದು. ನಮ್ಮಲ್ಲಿ ಶನಿವಾರ, ಭಾನುವಾರ ಏಳರಿಂದ ಎಂಟು ನನ್ನ ಲ್ಯಾಪ್‌ಟಾಪ್‌ಗೆ, ಉಳಿದ ಹೊತ್ತು ಮಗನ ಮೊಬೈಲ್‌ಗೆ.

ಕರೆಂಟ್ ಹೋದಾಗ ಮಾತ್ರ ನೆಟ್ ಹೋಗುವವರು ಇನ್ವರ್ಟರ್ ನೋಡಿ. ಹಿಂದೆ ಯುಪಿಎಸ್, ನಾರ್ಮಲ್ ಅಂತ ಒಂದು ಸ್ವಿಚ್ ಇರುತ್ತೆ. ನಾರ್ಮಲ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗುವ ಆ ಕಣ್ರೆಪ್ಪೆ ಮಿಟುಕಿಸುವಷ್ಟರಲ್ಲೇ ಡಬ್ಬ ಆರಿ, ಮತ್ತೆ ಎದ್ದು ಕೂರೋಕೆ ಎರಡು-ಮೂರು ನಿಮಿಷ ತಗೊಳ್ಳುತ್ತೆ. ಯುಪಿಎಸ್‌ಗೆ ಹಾಕಿ. ಇನ್ವರ್ಟರ್ ಇಲ್ಲದವರಿಗೆ ರೂಟರ್‌ಗೆಂದೇ ಪುಟ್ಟ ಯುಪಿಎಸ್ ಸಿಗುತ್ತೆ. ಕೊಳ್ಳುವಾಗ ನಿಮ್ಮ ಡಬ್ಬದ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಬರೆದುಕೊಂಡು ಹೋಗಿ, ಹೊಂದದಿದ್ದರೆ ಡಬ್ಬವೇ ಸುಡಬಹುದು.

‘ಲ್ಯಾಗ್ ತೆಗೀತೀವಿ, ಪಿಂಗ್ ಇಳಿಸ್ತೀವಿ’ ಅನ್ನೋ ಆ್ಯಪ್‌ಗಳಿಗೆ ಮಕ್ಕಳು ದುಡ್ಡು ಕಟ್ಟದಂತೆ ನೋಡಿಕೊಳ್ಳಿ. ಗೋಡೆಯನ್ನೂ ಬೀರುವನ್ನೂ ಯಾವ ಆ್ಯಪ್ ಸರಿಸೀತು?

ಇಷ್ಟೆಲ್ಲ ಮಾಡಿದ ಮೇಲೂ ತಂತಿಯಲ್ಲೇ ತೊಂದರೆ ಉಳಿದರೆ ಆಗ ಧೈರ್ಯವಾಗಿ ಕಂಪನಿಯನ್ನು ಕೇಳಿ. ಸುಮ್ಮನೆ “ನೆಟ್ ಸರಿ ಇಲ್ಲ” ಅಂದರೆ “ರೀಸ್ಟಾರ್ಟ್ ಮಾಡಿ ಮೇಡಂ” ಅಂತಾರೆ. ಅದರ ಬದಲು ಕ್ಯಾಲೆಂಡರ್ ಮೇಲೆ ಒಂದು ವಾರ ಬರೆದಿಡಿ: ಯಾವ ದಿನ, ಎಷ್ಟು ಗಂಟೆಗೆ ಹೋಯ್ತು, ಎಲ್ಒಎಸ್ ದೀಪ ಕೆಂಪಗಿತ್ತಾ, ತಂತಿಯಲ್ಲಿ ಪಿಂಗ್ ಎಷ್ಟಿತ್ತು. ರೋಜಾ ಎಂಟರಿಂದ ಹತ್ತರವರೆಗೆ ಮಾತ್ರ ಕೆಡುತ್ತೆ ಅಂದರೆ ಅವರ ಲೈನಿನಲ್ಲೇ ಜನ ಹೆಚ್ಚಾಗಿದ್ದಾರೆ ಅಂತ ಊಹಿಸಬಹುದು. ದೂರು ಕೊಟ್ಟಾಗ ಡಾಕೆಟ್ ನಂಬರ್ ಕೇಳಿ ಬರೆದುಕೊಳ್ಳಿ. ಕೆಲಸ ಆಗದಿದ್ದರೆ ಆ ನಂಬರ್ ಹಿಡಿದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಪ್ರತಿ ಕಂಪನಿಯೂ ಇದನ್ನು ಇಟ್ಟಿರಲೇಬೇಕು ಅನ್ನೋದು ಟ್ರಾಯ್ ನಿಯಮ.

ನಮ್ಮನೆಯಲ್ಲಿ ಅಷ್ಟು ದೂರ ಹೋಗಬೇಕಾಗಿ ಬರಲಿಲ್ಲ. ಪ್ಲಾನ್ ಮತ್ತೆ ಹಳೇ ದರಕ್ಕೆ ಇಳಿಸಿದೆ. ನ್ಯೂಜೆರ್ಸಿಯ ಹುಡುಗಿ ಈಗ ಗೀತೆಗಳಿಗೆ ಬಂದಿದ್ದಾಳೆ. ಮಗನ ಮೊಬೈಲ್ ಬೀರುವಿನಿಂದ ಹೊರಬಂದಿದೆ. ಕ್ರೋಷಾ ಹೊದಿಕೆ ಒಳಗೆ ಸೇರಿದೆ.